ಬೆಳ್ಳಿ ರೂಪಾಯಿಯನ್ನು ಯಾರಿಗೆ ಮಾರಬೇಕು? ಸರಾಫ, ಕರಗಿಸುವವರು, ನಾಣ್ಯ ವ್ಯಾಪಾರಿ: ಒಂದು ಹೋಲಿಕೆ

ರಾಯಚೂರಿನ ಸರಾಫ್ ಬಜಾರಿನಲ್ಲೋ ಬಳ್ಳಾರಿಯ ಪೇಟೆಯಲ್ಲೋ ಒಂದು ಹಿಡಿ ಬೆಳ್ಳಿ ರೂಪಾಯಿ ಹಿಡಿದು ಮೂರು ಅಂಗಡಿ ಹತ್ತಿಳಿದರೆ ಮೂರು ಬೆಲೆ ಕೇಳಿಬರುತ್ತದೆ. ಮೂವರಲ್ಲಿ ಇಬ್ಬರು ಮೋಸಗಾರರು ಎಂದು ತಕ್ಷಣ ತೀರ್ಮಾನಿಸಬೇಕಿಲ್ಲ. ಒಬ್ಬರು ನಾಣ್ಯಕ್ಕೆ ಇಷ್ಟು ಎನ್ನುತ್ತಾರೆ, ಇನ್ನೊಬ್ಬರು ಗ್ರಾಂಗೆ ಇಷ್ಟು ಎನ್ನುತ್ತಾರೆ, ಮೂರನೆಯವರು ತೊಲದ ಲೆಕ್ಕ ಹೇಳಿ ಕೊನೆಗೆ ‘ಟಂಚ್ ನೋಡಿ ಕಡಿತ’, ಅಂದರೆ ಶುದ್ಧತೆ ಪರೀಕ್ಷಿಸಿ ಕಡಿತ, ಎಂದು ಸೇರಿಸುತ್ತಾರೆ. ಮೂರೂ ಬೇರೆ ಬೇರೆ ಭಾಷೆ. ಮಾರುವವರು ಸೋಲುವುದು ಬಹುಪಾಲು ಇಲ್ಲಿಯೇ, ಚೌಕಾಶಿಯಲ್ಲಿ ಅಲ್ಲ.

ಹಾಗಾಗಿ ಯಾವ ಅಂಗಡಿ ಒಳ್ಳೆಯದು ಎಂದು ಕೇಳುವ ಮೊದಲು ಎಲ್ಲರ ಮಾತನ್ನೂ ಒಂದೇ ಅಳತೆಗೆ ಇಳಿಸಿಕೊಳ್ಳಬೇಕು. ನಾಣ್ಯದೊಳಗೆ ಇರುವ ಶುದ್ಧ ಬೆಳ್ಳಿ ಎಷ್ಟು ಗ್ರಾಂ, ಅದಕ್ಕೆ ಆ ದಿನದ ಬೆಲೆ ಎಷ್ಟು, ಅದರಲ್ಲಿ ನೂರಕ್ಕೆ ಎಷ್ಟು ನಮ್ಮ ಕೈಗೆ ಬರುತ್ತದೆ? ಸಾಧಾರಣ ಬೆಳ್ಳಿ ನಾಣ್ಯಗಳ ವ್ಯಾಪಾರದಲ್ಲಿ ಇದೊಂದೇ ಪ್ರಶ್ನೆಗೆ ಅರ್ಥವಿದೆ. ನಾಣ್ಯ ಎಷ್ಟು ಹಳೆಯದು, ಅಜ್ಜಿ ಅದನ್ನು ಹೇಗೆ ಕಾಪಾಡಿದರು ಎಂಬ ಮಾತುಗಳಿಗೆ ತಕ್ಕಡಿಯಲ್ಲಿ ತೂಕವಿಲ್ಲ.

ಅಂಗಡಿಗೆ ಹೋಗುವ ಮೊದಲು: ಗುಡ್ಡೆ ಮಾಡಿ

ನಮ್ಮ ಭಾಗದ ಮನೆಗಳಲ್ಲಿ ಒಂದು ವಿಶೇಷವಿದೆ. ಬಳ್ಳಾರಿ 1800ರಲ್ಲಿ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೀಗಾಗಿ ಬಳ್ಳಾರಿಯ ಹಳೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಸಿಗುವುದು ಕಲ್ದಾರ, ಅಂದರೆ ರಾಣಿ ಇಲ್ಲವೇ ರಾಜನ ಮುಖವಿರುವ ಬ್ರಿಟಿಷ್ ರೂಪಾಯಿ. ತುಂಗಭದ್ರೆಯ ಈಚೆ, ರಾಯಚೂರು–ಕೊಪ್ಪಳದ ಕಡೆ, ಕಲ್ದಾರದ ಜೊತೆಗೆ ಚಾರ್ಮಿನಾರ್ ಇರುವ ಹಾಲಿ ಸಿಕ್ಕಾ ಬೆರೆತಿರುತ್ತದೆ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಎಂಬ ವಿನಿಮಯದ ಲೆಕ್ಕ ಆಗಿನ ವ್ಯಾಪಾರಿಗಳಿಗೆ ಬಾಯಿಪಾಠವಾಗಿತ್ತು. ಎರಡರಲ್ಲಿ ಇರುವ ಬೆಳ್ಳಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇದೆ. ಇವೆರಡನ್ನು ಒಂದೇ ಚೀಲದಲ್ಲಿ ಸುರಿದು ‘ಎಷ್ಟು ಕೊಡುತ್ತೀರಿ’ ಎಂದು ಕೇಳಿದರೆ, ಕೊಳ್ಳುವವರು ತಮಗೆ ಅನುಕೂಲವಾದ ಕಡಿಮೆ ಶುದ್ಧತೆಯನ್ನೇ ಇಡೀ ಚೀಲಕ್ಕೆ ಹಚ್ಚುತ್ತಾರೆ.

ಆದ್ದರಿಂದ ಮನೆಯಲ್ಲಿಯೇ ಇಸವಿ ನೋಡಿ ಗುಡ್ಡೆ ಮಾಡಿ. ಮೊದಲ ಗುಡ್ಡೆ 1835ರಿಂದ 1939ರವರೆಗಿನ ಕಲ್ದಾರ. ಒಂದು ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಶೇ. 91.7. ಶುದ್ಧ ಬೆಳ್ಳಿ 10.69 ಗ್ರಾಂ.

ಎರಡನೆಯದು 1940ರಿಂದ 1945ರವರೆಗಿನವು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಉಳಿದದ್ದು ಶೇ. 40 ತಾಮ್ರ, ಶೇ. 5 ನಿಕಲ್, ಶೇ. 5 ಸತು. ತೂಕ ಅದೇ 11.66 ಗ್ರಾಂ, ಮುಖ ಅದೇ ಆರನೇ ಜಾರ್ಜ್, ಒಳಗಿನ ಬೆಳ್ಳಿ ಮಾತ್ರ 5.83 ಗ್ರಾಂ. ಮೇಲೆ ಹೇಳಿದ ಕೊಳ್ಳುವವರ ಜಾಣತನಕ್ಕೆ ದಾರಿ ಮಾಡಿಕೊಡುವುದು ಇವೇ: ಹತ್ತು 1944ರ ನಾಣ್ಯಗಳನ್ನು ತೋರಿಸಿ, ‘ಅಮ್ಮಾ, ಬ್ರಿಟಿಷ್ ರೂಪಾಯಿಯಲ್ಲಿ ಇರುವುದೇ ಅರ್ಧ ಬೆಳ್ಳಿ’ ಎಂದು ಐದನೇ ಜಾರ್ಜನ ನಾಣ್ಯಗಳಿಗೂ ಅದೇ ಮಾತು ಹಚ್ಚುವುದು.

1947ರ ರೂಪಾಯಿ ಬೆಳ್ಳಿಯಲ್ಲ, ನಿಕಲ್. ಹಿಂಬದಿಯಲ್ಲಿ ಹುಲಿ ಇರುತ್ತದೆ. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಬೆಳ್ಳಿಯ ರೂಪಾಯಿ, ಅರ್ಧ ಬೆಳ್ಳಿಯದೂ ಕೂಡ, ಅಂಟುವುದಿಲ್ಲ. 1946 ಮತ್ತು 1947ರ ಎಂಟಾಣೆಯೂ ನಿಕಲ್ಲೇ. ಇವನ್ನು ಪಕ್ಕಕ್ಕೆ ಇಡಿ.

ಚಾರ್ಮಿನಾರ್ ರೂಪಾಯಿ 11.18 ಗ್ರಾಂ, ಶೇ. 81.8 ಬೆಳ್ಳಿ, ಶುದ್ಧ ಬೆಳ್ಳಿ 9.14 ಗ್ರಾಂ. ಆದರೆ ಇಲ್ಲೂ ಯುದ್ಧದ ನೆರಳಿದೆ: ಹಿಜರಿ 1361ರಿಂದ, ಅಂದರೆ 1942ರಿಂದ ಬಂದ ರೂಪಾಯಿಗಳು ಅರ್ಧ ಬೆಳ್ಳಿಯವು. ಇಸವಿ ಉರ್ದು ಅಂಕಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಓಣಿಯಲ್ಲಿ ಉರ್ದು ಬಲ್ಲ ಹಿರಿಯರೊಬ್ಬರು ಸಿಕ್ಕೇ ಸಿಗುತ್ತಾರೆ, ರಾಯಚೂರಿನಲ್ಲಿ ಅದಕ್ಕೆ ಬರವಿಲ್ಲ.

ಎಂಟಾಣೆ, ನಾಲ್ಕಾಣೆಗಳಿಗೆ ಇದೇ ಲೆಕ್ಕದ ಅರ್ಧ, ಕಾಲು. ಬ್ರಿಟಿಷ್ ಎರಡಾಣೆ 1917ರವರೆಗೆ ಮಾತ್ರ ಬೆಳ್ಳಿ.

ಇನ್ನು ದೀಪಾವಳಿಗೆ ಕೊಂಡ ಲಕ್ಷ್ಮೀ–ಗಣೇಶ ನಾಣ್ಯಗಳು ಬೇರೆಯೇ ಜಾತಿ. ಮೊಹರು ಮಾಡಿದ ಪ್ಯಾಕೆಟ್ಟಿನಲ್ಲಿ 999 ಎಂದಿದ್ದರೆ, ಬಿಲ್ಲೂ ಇದ್ದರೆ, ಕೊಂಡ ಅಂಗಡಿಯಲ್ಲಿಯೇ ಮೊದಲು ಕೇಳಿ. ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ, ಆದ್ದರಿಂದ ಬಿಲ್ಲಿಲ್ಲದ ಹಳೆಯ ಪೂಜಾ ನಾಣ್ಯದ ಶುದ್ಧತೆಯನ್ನು ಪರೀಕ್ಷೆ ಮಾಡದೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬೇಕಿಲ್ಲ. ಬ್ಯಾಂಕಿನಲ್ಲಿ ಕೊಂಡ ನಾಣ್ಯವಾದರೂ ಬ್ಯಾಂಕು ಮರಳಿ ಕೊಳ್ಳುತ್ತದೆ ಎಂಬ ನಿರೀಕ್ಷೆ ಬೇಡ. ರಾಣಿಯ ಮುಖ ಹೊತ್ತ ಹೊಸ ಎರಕದ ನಾಣ್ಯಗಳೂ ಸಂತೆ–ಜಾತ್ರೆಗಳಲ್ಲಿ ಸಿಗುತ್ತವೆ. ತೂಕ 11.66ರಿಂದ ಬಹಳ ದೂರವಿದ್ದರೆ, ಅಕ್ಷರಗಳು ಮೊಂಡಾಗಿದ್ದರೆ, ಅಂಚಿನ ಗೀರು ಅಲ್ಲಲ್ಲಿ ಅಳಿಸಿದಂತಿದ್ದರೆ ಬೇರೆ ಇಡಿ. ಅಸಲಿಯೂ ಕೈಯಿಂದ ಕೈಗೆ ಸವೆದು ಒಂದಿಷ್ಟು ತೂಕ ಕಳೆದುಕೊಂಡಿರುತ್ತದೆ. ಹೀಗಾಗಿ ಎಣಿಕೆಯ ಬದಲು ಗುಡ್ಡೆಗುಡ್ಡೆಯಾಗಿ ತೂಗಿ ಬರೆದಿಟ್ಟುಕೊಳ್ಳುವುದು ಸರಿ. ಕೈಯಲ್ಲಿ ಹಿಡಿಯುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು.

ಒಂದು ಮಾತು, ಇದನ್ನು ಓದುವ ಹೊತ್ತಿಗೆ ಯಾರಾದರೂ ಹುಣಸೆಹಣ್ಣು ನೆನೆಹಾಕಿರಬಹುದು ಎಂಬ ಭಯದಿಂದ ಹೇಳುತ್ತಿದ್ದೇನೆ: ತೊಳೆಯಬೇಡಿ. ವಿಭೂತಿ, ಟೂತ್‌ಪೇಸ್ಟ್, ಪಾತ್ರೆ ಪುಡಿ ಯಾವುದೂ ಬೇಡ. ಕಪ್ಪಾದ ಬೆಳ್ಳಿಗೆ ಕರಗಿಸುವವರ ಬಳಿ ಬೆಲೆ ಕಡಿಮೆಯಾಗುವುದಿಲ್ಲ. ಸಂಗ್ರಾಹಕರ ಬಳಿಯಾದರೋ ಉಜ್ಜಿ ಹೊಳಪಿಸಿದ ನಾಣ್ಯದ ಬೆಲೆ ಬಿದ್ದೇಬಿಡುತ್ತದೆ.

ಯಾವ ನಾಣ್ಯ ಸಾಧಾರಣ, ಯಾವುದು ಅಲ್ಲ

ಹಳೆಯದೆಲ್ಲ ಅಪರೂಪ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 1862ರ ವಿಕ್ಟೋರಿಯಾ ರೂಪಾಯಿ ನೋಡಿ. ಅದೇ ಇಸವಿಯನ್ನು ಬದಲಿಸದೆ 1874ರವರೆಗೂ ಟಂಕಿಸುತ್ತಲೇ ಇದ್ದರು. ಅಷ್ಟು ಹಳೆಯದಾದರೂ ಅದು ಧಾರಾಳವಾಗಿ ಸಿಗುವ ನಾಣ್ಯ. ಏಳನೇ ಎಡ್ವರ್ಡನ ರೂಪಾಯಿಗಳು, 1912ರಿಂದ 1920ರವರೆಗಿನ ಐದನೇ ಜಾರ್ಜನ ರೂಪಾಯಿಗಳು ಇನ್ನೂ ಸಾಮಾನ್ಯ. ಸವೆದು ಮುಖ ಮಾಸಿದ ಇಂಥವಕ್ಕೆ ಬೆಳ್ಳಿಯ ಬೆಲೆಯೇ ಬೆಲೆ.

ಬೇರೆ ಇಡಬೇಕಾದವು ಕೆಲವಿವೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂದು ಆಕ್ಷೇಪ ಎದ್ದಿತು. ಬಿಡುಗಡೆ ನಿಲ್ಲಿಸಿ, ಮರುವರ್ಷ ಆನೆಯ ಸೊಂಡಿಲನ್ನು ತಿದ್ದಿ ಟಂಕಿಸಿದರು. 1911ರದ್ದಕ್ಕೆ ಸಂಗ್ರಾಹಕರ ಬೇಡಿಕೆಯಿದೆ. 1939ರ ರೂಪಾಯಿ ನಿಜಕ್ಕೂ ಅಪರೂಪ, ಅದಕ್ಕೇ ಇಸವಿ ತಿದ್ದಿದ ನಕಲಿಗಳೂ ಹೇರಳ. 1835ರ ನಾಲ್ಕನೇ ವಿಲಿಯಂ, ಚಾರ್ಮಿನಾರ್ ವಿನ್ಯಾಸಕ್ಕೂ ಹಿಂದಿನ ಕೈಯಚ್ಚಿನ ದಪ್ಪ ರೂಪಾಯಿ, ಅಚ್ಚಿನಿಂದ ಈಗಷ್ಟೇ ಬಂದಂತೆ ಕೂದಲಿನ ಗೆರೆಗಳೂ ಕಾಣುವ ಯಾವುದೇ ನಾಣ್ಯ, ಇವನ್ನು ಸರಾಫನ ತಕ್ಕಡಿಗೆ ಹಾಕುವ ಮೊದಲು ನಾಣ್ಯ ಬಲ್ಲವರಿಗೆ ತೋರಿಸಿ.

ಸ್ವತಂತ್ರ ಭಾರತದ ಬೆಳ್ಳಿ ಸ್ಮಾರಕ ನಾಣ್ಯಗಳೂ ಈ ಗುಂಪಿಗೇ ಸೇರಬೇಕು. 1969ರ ಗಾಂಧಿ ಹತ್ತು ರೂಪಾಯಿ 15 ಗ್ರಾಂ, ಶೇ. 80 ಬೆಳ್ಳಿ. 1972ರ ಸ್ವಾತಂತ್ರ್ಯ ಬೆಳ್ಳಿಹಬ್ಬದ ಹತ್ತು ರೂಪಾಯಿ 22.5 ಗ್ರಾಂ, ಶೇ. 50. ಒಳಗಿನ ಬೆಳ್ಳಿಯ ಲೆಕ್ಕ ಗೊತ್ತಿರಲಿ, ಆದರೆ ಕರಗಿಸಲು ಕೊಡಬೇಡಿ. 2011ರ ನಾಣ್ಯ ಕಾಯ್ದೆ ಕಾನೂನು ಮಾನ್ಯತೆಯುಳ್ಳ ನಾಣ್ಯವನ್ನು ಕರಗಿಸುವುದನ್ನು ನಿಷೇಧಿಸುತ್ತದೆ.

ನಾಲ್ಕು ದಾರಿ, ಒಂದೇ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಶುದ್ಧ ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ಇಂದಿನ ದರವಲ್ಲ, ಇಂದಿನದನ್ನು ನೀವೇ ಹಾಕಿಕೊಳ್ಳಿ. ಮನೆಯಲ್ಲಿ ಐದನೇ ಜಾರ್ಜನ ಇಪ್ಪತ್ತು ಕಲ್ದಾರ (ಸವೆದು 230 ಗ್ರಾಂ), 1944ರ ಹತ್ತು (116 ಗ್ರಾಂ), ಹಳೆಯ ಚಾರ್ಮಿನಾರ್ ಹತ್ತು (111 ಗ್ರಾಂ) ಇವೆ ಎನ್ನಿ. ಒಟ್ಟು ತೂಕ 457 ಗ್ರಾಂ. ಶುದ್ಧ ಬೆಳ್ಳಿ ಕ್ರಮವಾಗಿ ಸುಮಾರು 211, 58 ಮತ್ತು 91, ಒಟ್ಟು 360 ಗ್ರಾಂ. ಪೂರ್ಣ ಬೆಲೆ 36,000 ರೂಪಾಯಿ.

ಊರಿನ ಸರಾಫ ಇಡೀ ರಾಶಿಯನ್ನು ತೂಗಿ ‘ಗ್ರಾಂಗೆ 60’ ಎಂದರೆ 27,420 ಬರುತ್ತದೆ. ನೂರಕ್ಕೆ 76. ಪಕ್ಕದ ಅಂಗಡಿಯವರು ನಾಣ್ಯದ ಲೆಕ್ಕದಲ್ಲಿ ಕಲ್ದಾರಕ್ಕೆ 800, 1944ರದ್ದಕ್ಕೆ 400, ಹಾಲಿ ಸಿಕ್ಕಾಕ್ಕೆ 600 ಎನ್ನುತ್ತಾರೆ. ಕೇಳಲು ದೊಡ್ಡ ಮಾತು, ಕೂಡಿಸಿದರೆ 26,000, ನೂರಕ್ಕೆ 72 ಮಾತ್ರ. ಕರಗಿಸಿ ಕೊಳ್ಳುವವರು ಟಂಚ್ ಪ್ರಕಾರ ಶುದ್ಧ ಬೆಳ್ಳಿಗೆ ಗ್ರಾಂಗೆ 95, ಕರಗಿಸುವ ಕೂಲಿ 500 ಎಂದರೆ 33,700, ಅಂದರೆ ನೂರಕ್ಕೆ ಸುಮಾರು 94. ಅಂಕಿಗಳು ಕಲ್ಪಿತ. ಆದರೆ ‘ನಾಣ್ಯಕ್ಕೆ 800’ ಎಂದು ಶುರುವಾಗುವ ಮಾತು ಇಡೀ ರಾಶಿಗೆ ‘ಗ್ರಾಂಗೆ 60’ಕ್ಕಿಂತ ಕಡಿಮೆಯಾಗಬಹುದು ಎಂಬುದು ಲೆಕ್ಕ ಹಾಕದೆ ಕಾಣುವುದಿಲ್ಲ.

ಸರಾಫನ ಅಂಗಡಿಯ ಗುಣ ಎಂದರೆ ಹತ್ತಿರ, ಪರಿಚಯ, ಕೂಡಲೇ ಹಣ. ದೋಷ ಎಂದರೆ ಒರೆಗಲ್ಲಿನ ಮೇಲೆ ತಿಕ್ಕಿ ಕಣ್ಣಳತೆಯಲ್ಲಿ ಹೇಳುವ ಶುದ್ಧತೆ. ಕಲ್ದಾರದ ಶುದ್ಧತೆ ಸರಕಾರವೇ ನಿಗದಿ ಮಾಡಿದ್ದು, ಅದನ್ನು ಪ್ರತಿ ಅಂಗಡಿಯಲ್ಲೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ನಾಣ್ಯ ಅಸಲಿಯೇ ಎಂದು ಪರೀಕ್ಷಿಸುವುದು ಅವರ ಹಕ್ಕು. ಅಸಲಿ ಎಂದು ಒಪ್ಪಿದ ಮೇಲೆ ಶೇ. 91.7 ಎಂಬುದನ್ನೂ ಒಪ್ಪಬೇಕು. ಒಂದೊಂದೇ ಗುಡ್ಡೆಯನ್ನು ಮುಂದಿಟ್ಟು, ‘ಸೇಠರೇ, ಇವು 1940ಕ್ಕಿಂತ ಹಿಂದಿನವು. ಇವಕ್ಕೆ ಬೇರೆ ದರ ಹೇಳಿ, ಯುದ್ಧಕಾಲದವಕ್ಕೆ ಬೇರೆ ಹೇಳಿ’ ಎಂದರೆ ಮಾತಿನ ದಾಟಿಯೇ ಬದಲಾಗುತ್ತದೆ. ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿ. ಫ್ಯಾನು ಬೀಸುತ್ತಿದ್ದರೆ ಒಂದು ಕ್ಷಣ ನಿಲ್ಲಿಸಲು ಕೇಳಿ, ಬೇಸರಪಡುವವರು ಪಡಲಿ.

ರೂಪಾಯಿ ಸರಕ್ಕೆ ಪೋಣಿಸಿದ, ಕೊಂಡಿ ಬೆಸೆದ ನಾಣ್ಯಗಳಿಗೆ ಕಡಿತ ಕೇಳುವುದು ಮಾತ್ರ ನ್ಯಾಯ. ಬೆಸುಗೆಯಲ್ಲಿ ಬೇರೆ ಲೋಹವಿರುತ್ತದೆ. ಆ ಕಡಿತ ಆ ನಾಣ್ಯಗಳಿಗಷ್ಟೇ ಇರಲಿ. ಅಂದಹಾಗೆ, ಲಂಬಾಣಿ ಕಸೂತಿಯ ಹಳೆಯ ಒಡವೆ ಇಡಿಯಾಗಿದ್ದರೆ ನಾಣ್ಯ ಬಿಡಿಸಿ ಮಾರುವ ಮೊದಲು ಎರಡು ಬಾರಿ ಯೋಚಿಸಿ. ಬಿಡಿಸಿದರೆ ಒಡವೆಯೂ ಹೋಯಿತು, ಕೊಂಡಿಯ ಕಲೆಯಿರುವ ನಾಣ್ಯಕ್ಕೆ ಸಂಗ್ರಾಹಕರೂ ಇಲ್ಲ.

ಕರಗಿಸಿ ಟಂಚ್ ತೆಗೆಯುವವರ ಬಳಿ ಲೆಕ್ಕ ಹೆಚ್ಚು ಸ್ವಚ್ಛ, ಆದರೆ ಹಿಂದಿರುಗುವ ದಾರಿಯಿಲ್ಲ. ನಾಣ್ಯ ಮೂಸೆಗೆ ಬಿದ್ದ ಮೇಲೆ ದರ ಒಪ್ಪಿಗೆಯಾಗದಿದ್ದರೆ ನಿಮ್ಮ ಕೈಗೆ ಬರುವುದು ಬೆಳ್ಳಿಯ ಗಟ್ಟಿ. ಅದರ ಶುದ್ಧತೆಯನ್ನು ಮುಂದಿನ ಅಂಗಡಿಯಲ್ಲಿ ಮತ್ತೆ ಸಾಬೀತು ಮಾಡಬೇಕು. ನಾಣ್ಯವಾಗಿದ್ದಾಗ ಅದರ ಮುಖವೇ ಅದಕ್ಕೆ ಸಾಕ್ಷಿಯಾಗಿತ್ತು. ಆದ್ದರಿಂದ ಕಲ್ದಾರಗಳನ್ನು ಕರಗಿಸಲು ಕೊಡುವ ಮೊದಲು ದರ, ಕೂಲಿ, ಕಡಿತ ಮೂರನ್ನೂ ಚೀಟಿಯ ಮೇಲೆ ಬರೆಸಿ. ಎಕ್ಸ್‌ಆರ್‌ಎಫ್ ಎಂಬ, ಎಕ್ಸ್-ರೇಯಿಂದ ಲೋಹ ಗುರುತಿಸುವ ಯಂತ್ರವಿದ್ದರೆ ಕರಗಿಸದೆಯೇ ನೋಡಬಹುದು, ಆದರೆ ಅದು ಓದುವುದು ಮೇಲ್ಮೈಯನ್ನು ಮಾತ್ರ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದಾದರೆ ಬಸ್ ಖರ್ಚು, ಒಂದು ದಿನದ ಕೂಲಿ ಲೆಕ್ಕದೊಳಗೆ ಬರಲಿ. ಐದು ನಾಣ್ಯಕ್ಕೆ ಇದು ದಕ್ಕುವುದಿಲ್ಲ, ಅರ್ಧ ಕಿಲೋಗೆ ದಕ್ಕಬಹುದು.

ನಾಣ್ಯ ವ್ಯಾಪಾರಿ ಮೂರನೆಯ ದಾರಿ. ಬೆಂಗಳೂರಿನಲ್ಲಿ ನಾಣ್ಯ ಮೇಳಗಳು ನಡೆಯುತ್ತವೆ, ಅಲ್ಲಿ ಒಂದೇ ಸೂರಿನಡಿ ಹತ್ತಾರು ವ್ಯಾಪಾರಿಗಳನ್ನು ಕೇಳಬಹುದು. ಸಾಧಾರಣ ಕಲ್ದಾರಕ್ಕೆ ಅವರು ಸರಾಫನಿಗಿಂತ ಒಂದಿಷ್ಟು ಹೆಚ್ಚು ಕೊಡಬಹುದು, ಏಕೆಂದರೆ ಅವರು ಅದನ್ನು ಕರಗಿಸದೆ ನಾಣ್ಯವಾಗಿಯೇ ಮಾರುತ್ತಾರೆ. ಆದರೆ ಮುಖ ಮಾಸಿದ್ದನ್ನು, ಬೆಸುಗೆ ಬಿದ್ದದ್ದನ್ನು ಅವರು ಪಕ್ಕಕ್ಕೆ ತಳ್ಳುತ್ತಾರೆ. ಒಳ್ಳೆಯವನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟರೆ ಆ ಉಳಿದದ್ದಕ್ಕೆ ಸರಾಫ ಮೊದಲಿನ ದರ ಕೊಡಲಾರ. ಎರಡನ್ನೂ ಕೂಡಿಸಿ ನೋಡಿ. ಹರಾಜು ಸಂಸ್ಥೆಗಳ ಮಾತು ಸಾಧಾರಣ ನಾಣ್ಯಗಳಿಗೆ ಬೇಡ. ಅವರ ಕಮಿಷನ್, ಕಾಯುವ ತಿಂಗಳುಗಳು ಅಪರೂಪದ ಒಂದು ನಾಣ್ಯಕ್ಕೆ ಸರಿ.

ನಾಲ್ಕನೆಯದು ಬದಲಿ: ನಾಣ್ಯ ಕೊಟ್ಟು ಕಾಲ್ಗೆಜ್ಜೆಯನ್ನೋ ದೀಪವನ್ನೋ ಒಯ್ಯುವುದು. ಹೇಗೂ ಮದುವೆಗೆ ಬೆಳ್ಳಿ ಕೊಳ್ಳಬೇಕಾದವರಿಗೆ ಇದು ಅನುಕೂಲ. ‘ಹಳೆ ಬೆಳ್ಳಿಗೆ ಪೂರ್ತಿ ದರ’ ಎಂದವರು ಹೊಸದರ ಮಜೂರಿಯಲ್ಲಿ ಅದನ್ನು ವಾಪಸು ಪಡೆಯುವುದೂ ಉಂಟು. ಪರೀಕ್ಷೆ ಸುಲಭ. ಅದೇ ಗೆಜ್ಜೆಯನ್ನು ನಗದು ಕೊಟ್ಟು ಕೊಂಡರೆ ಎಷ್ಟು ಎಂದು ಮೊದಲು ಕೇಳಿ, ನಾಣ್ಯದ ವಿಷಯವನ್ನು ಆಮೇಲೆ ಎತ್ತಿ.

ನನ್ನ ಮಟ್ಟಿಗೆ ಹೇಳುವುದಾದರೆ, ಇಸವಿ ಸ್ಪಷ್ಟವಿರುವ ಅಸಲಿ ಕಲ್ದಾರಕ್ಕೆ ಶುದ್ಧ ಬೆಳ್ಳಿಯ ಬೆಲೆಯಲ್ಲಿ ನೂರಕ್ಕೆ 90 ಸಿಕ್ಕರೆ ಊರಲ್ಲೇ ಕೊಟ್ಟುಬಿಡುತ್ತೇನೆ. 80ರ ಕೆಳಗಾದರೆ ಚೀಲ ಕಟ್ಟಿಕೊಂಡು ಎದ್ದು ಬರುತ್ತೇನೆ. ಅರ್ಧ ಬೆಳ್ಳಿಯವಕ್ಕೆ ಶುದ್ಧಗೊಳಿಸುವ ಖರ್ಚು ಹೆಚ್ಚು, ಅಲ್ಲಿ ನೂರಕ್ಕೆ ನಾಲ್ಕೈದು ಕಡಿಮೆಗೂ ಒಪ್ಪಬಹುದು. ದಿನದ ದರಕ್ಕೆ ಪತ್ರಿಕೆ ನೋಡುವಾಗ ಒಂದು ಎಚ್ಚರ: ಅದು 999 ಬೆಳ್ಳಿಯ ದರ, ಊರಿಂದ ಊರಿಗೆ ಬೇರೆಯಿರುತ್ತದೆ. ಯಾವ ಊರಿನದನ್ನು ಹಿಡಿದರೂ ಸರಿ, ಎಲ್ಲ ಅಂಗಡಿಗಳ ಹೋಲಿಕೆಗೂ ಅದೇ ದಿನದ, ಅದೇ ಊರಿನ ಅಂಕಿ ಬಳಸಿ. ಬೆಳ್ಳಿ ಒಂದೇ ವಾರದಲ್ಲಿ ಜಿಗಿಯುವ, ಬೀಳುವ ಸರಕು. ಸೋಮವಾರದ ಒಂದು ದರವನ್ನು ಶನಿವಾರದ ಇನ್ನೊಂದಕ್ಕೆ ಹೋಲಿಸಿ ಯಾರನ್ನೂ ಬೈಯಬೇಡಿ.

ಬೇಡವೇ ಬೇಡ ಎನ್ನುವವು

ಮನೆಬಾಗಿಲಿಗೆ ಬಂದು ಹಳೆ ಬೆಳ್ಳಿಗೆ ಸ್ಟೀಲ್ ಪಾತ್ರೆ ಕೊಡುವವರು, ತೊಳೆದು ಹೊಳಪಿಸಿ ಕೊಡುತ್ತೇನೆ ಎನ್ನುವವರು. ಇವರ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣುವುದಿಲ್ಲ.

‘ಈ ಹಳೆಯ ನಾಣ್ಯವಿದ್ದರೆ ಲಕ್ಷಾಂತರ ರೂಪಾಯಿ’ ಎಂಬ ಮೊಬೈಲ್ ಜಾಹೀರಾತುಗಳ ಬಗ್ಗೆ ಬರೆಯಬೇಕಿದೆ. ಅವರು ಕೊಳ್ಳುವುದಿಲ್ಲ. ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ನಿಮ್ಮಿಂದಲೇ ಹಣ ಕೇಳುತ್ತಾರೆ, ನಂಬಿಕೆಗೆ ರಿಸರ್ವ್ ಬ್ಯಾಂಕಿನ ಹೆಸರು ಹಾಕಿಕೊಳ್ಳುತ್ತಾರೆ. ಹಳೆಯ ನೋಟು–ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಹೇಳಿದೆ. ಮಾರುವವರು ಮುಂಗಡ ಕೊಡುವ ವ್ಯಾಪಾರ ಯಾವ ಸಂತೆಯಲ್ಲೂ ಇಲ್ಲ.

ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯ ಈ ಬರಹದ ವ್ಯಾಪ್ತಿಗೆ ಬರುವುದೇ ಇಲ್ಲ. ಆನೆಗೊಂದಿ, ಮಸ್ಕಿಯಂಥ ನೆಲವಿರುವ ನಮ್ಮ ಜಿಲ್ಲೆಗಳಲ್ಲಿ ಇದು ಬರೀ ಊಹೆಯ ಮಾತಲ್ಲ. ಅದು ನಿಧಿಯ ಕಾನೂನಿಗೆ ಒಳಪಡುತ್ತದೆ. ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮಾರುವಂತಿಲ್ಲ. ಪೆಟ್ಟಿಗೆಯಲ್ಲಿ ಪರಂಪರೆಯಿಂದ ಬಂದ ರೂಪಾಯಿಗೆ ಆ ತೊಡಕಿಲ್ಲ. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ವಿದೇಶದ ಗಿರಾಕಿಗೆ ಅಂಚೆಯಲ್ಲಿ ಕಳುಹಿಸಬೇಡಿ.

ಹಣ, ಚೀಟಿ, ಪಾಲು

ಸರಾಫ ಆಧಾರ್ ಪ್ರತಿ ಕೇಳಿದರೆ ಸಿಟ್ಟಾಗಬೇಡಿ. ಕದ್ದ ಮಾಲು ಕೊಂಡ ಆರೋಪ ಬರಬಾರದೆಂದು ಅವರ ಎಚ್ಚರಿಕೆ ಅದು. ಪ್ರತಿಯ ಮೇಲೆ ಯಾವ ಉದ್ದೇಶಕ್ಕೆ, ಯಾವ ದಿನ ಕೊಟ್ಟಿದ್ದು ಎಂದು ಅಡ್ಡ ಬರೆದುಕೊಡಿ. ದೊಡ್ಡ ಮೊತ್ತವನ್ನು ನಗದಾಗಿ ಕೊಡಲು ಅವರು ಹಿಂಜರಿಯುವುದಕ್ಕೂ ಆದಾಯ ತೆರಿಗೆಯ ನಿಯಮಗಳೇ ಕಾರಣ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ನಿಮಗೇ ನಿಷಿದ್ಧ. ಖಾತೆಗೆ ಹಾಕಿಸಿಕೊಳ್ಳುವುದೇ ಒಳ್ಳೆಯದು. ಮನೆಯ ಬೆಳ್ಳಿ ಮಾರುವ ಸಾಮಾನ್ಯ ವ್ಯಕ್ತಿಯಿಂದ ‘ಜಿಎಸ್‌ಟಿ ಕಡಿತ’ ಎಂದು ಶೇ. 3 ಮುರಿದುಕೊಳ್ಳಲು ಬಂದರೆ ಕಾರಣ ಕೇಳಿ. ಲಾಭದ ಮೇಲಿನ ತೆರಿಗೆ ಬೇರೆ ವಿಷಯ, ಮೊತ್ತ ದೊಡ್ಡದಿದ್ದರೆ ಲೆಕ್ಕಪರಿಶೋಧಕರನ್ನು ಕಾಣಿ. ಚೀಟಿಯಲ್ಲಿ ತೂಕ, ಶುದ್ಧತೆ, ದರ ಮೂರೂ ಇರಲಿ, ‘ಹಳೆ ಬೆಳ್ಳಿ’ ಎಂಬ ಒಂದೇ ಸಾಲು ಸಾಲದು.

ಹಣದ ಅಡಚಣೆ ತಾತ್ಕಾಲಿಕವಾಗಿದ್ದರೆ ಅಡವಿಡುವ ದಾರಿಯೂ ಇದೆ. ಬೆಳ್ಳಿಯ ಒಡವೆ, ನಾಣ್ಯಗಳ ಮೇಲೆ ಸಾಲ ಕೊಡಲು ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನಗಳು ಚೌಕಟ್ಟು ಹಾಕಿವೆ. ಬೆಳ್ಳಿ ನಾಣ್ಯವಾದರೆ ಒಬ್ಬ ಸಾಲಗಾರರಿಗೆ 500 ಗ್ರಾಂ ಮಿತಿ. ನಿಮ್ಮ ಶಾಖೆಯವರು ಕಲ್ದಾರವನ್ನು ಒಪ್ಪುತ್ತಾರೆಯೇ ಎಂದು ಮೊದಲು ವಿಚಾರಿಸಿ.

ಅಣ್ಣತಮ್ಮಂದಿರ, ಅಕ್ಕತಂಗಿಯರ ನಡುವೆ ನಾಣ್ಯ ಹಂಚಿಕೊಂಡು ಆಮೇಲೆ ಅವರವರು ಮಾರಿಕೊಳ್ಳುವುದಾದರೆ ಎಣಿಸಿ ಹಂಚಬೇಡಿ. ಅಣ್ಣನಿಗೆ 1917ರ ಹತ್ತು, ತಂಗಿಗೆ 1944ರ ಹತ್ತು ಬಂದರೆ ಅಣ್ಣನ ಪಾಲಿಗೆ ಸುಮಾರು 107 ಗ್ರಾಂ ಶುದ್ಧ ಬೆಳ್ಳಿ, ತಂಗಿಯ ಪಾಲಿಗೆ 58. ಗುಡ್ಡೆ ಮಾಡಿ, ಪ್ರತಿ ಗುಡ್ಡೆಯಲ್ಲೂ ಸಮಪಾಲು ತೆಗೆಯಿರಿ.